ಶೋಧಯಂತ್ರದ ಏಕಸ್ವಾಮ್ಯ

ಅನ್ಯರ ಜಾಲತಾಣಗಳಲ್ಲಿನ ಬರಹಗಳನ್ನು ಗೂಗಲ್ ಕಂಪನಿಯು ತನ್ನ ಕೃತಕ ಬುದ್ಧಿಮತ್ತೆಯ ಉತ್ತರಗಳಿಗೆ ಬಳಸಿಕೊಳ್ಳುತ್ತಿರುವ ರೀತಿಯು ನ್ಯಾಯವಾದುದೇ ಎಂಬ ಬಗ್ಗೆ ಯುರೋಪಿಯನ್ ಆಯೋಗವು 2025ರ ಡಿಸೆಂಬರಿನಲ್ಲಿ ವಿಧ್ಯುಕ್ತ ತನಿಖೆಯನ್ನು ಆರಂಭಿಸಿತು. ಆನೆಗಳ ಈ ಕಾಳಗದಲ್ಲಿ ನಮಗೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ಊರು ಬಿಟ್ಟು ಬಂದ ಕನ್ನಡಿಗರಲ್ಲಿ ಜಾಲತಾಣವನ್ನು ನೆಚ್ಚಿ ಉದ್ಯಮ ನಡೆಸುವವರು ಇಂದು ಕಡಮೆಯೇನಲ್ಲ. ಟಿಕೇಟು ಕಾದಿರಿಸಿ ಕೊಡುವವರು, ಮದುವೆಯ ಸಂಬಂಧ ಕೂಡಿಸುವವರು, ಮಸಾಲೆ ಪುಡಿ ಮಾರುವವರು, ಅಡುಗೆಯ ವಿಧಾನ ಬರೆಯುವವರು, ಇವರೆಲ್ಲರ ಬಾಗಿಲಿಗೆ ಗಿರಾಕಿ ಬರುವುದು ಬಹುಮಟ್ಟಿಗೆ ಒಂದೇ ಹಾದಿಯಿಂದ. ಆ ಹಾದಿಯ ಒಡೆತನ ಗೂಗಲ್‌ನದು.

ದೊಡ್ಡದಾಗಿ ಬೆಳೆದುದೇ ಅಪರಾಧವೆಂದು ನಾವು ಹೇಳುವವರಲ್ಲ. ರುಚಿಯಾದ ತಿಂಡಿ ಕೊಡುವ ಹೊಟೇಲಿಗೆ ಜನ ಮುಗಿಬಿದ್ದರೆ ಪಕ್ಕದವನು ದೂರು ಹೇಳುವಂತಿಲ್ಲ. ಹುಡುಕಿದವನ ಕಣ್ಣಿಗೆ ತಾನೇ ಮೊದಲು ಬೀಳಬೇಕೆಂಬ ಜನ್ಮಸಿದ್ಧ ಹಕ್ಕು ಯಾವ ಜಾಲತಾಣಕ್ಕೂ ಇಲ್ಲ. ಆದರೆ ರಸ್ತೆಯ ಗುತ್ತಿಗೆದಾರನೇ ಆ ರಸ್ತೆಯ ಮೇಲೆ ಹೊಟೇಲನ್ನು ತೆರೆದು, ಎದುರು ಹೊಟೇಲಿನ ಮುಂದೆ ಬೇಲಿ ಕಟ್ಟಿದರೆ ಅದನ್ನು ವ್ಯಾಪಾರದ ಜಾಣ್ಮೆಯೆನ್ನಲಾಗದು.

ಅಂತಹ ಬೇಲಿ ಹೇಗಿರುತ್ತದೆಂಬುದನ್ನು ಬ್ರಿಟನ್ನಿನ ರಾಫ್ ದಂಪತಿಗಳು ಬಲ್ಲರು. ಬೇರೆ ಬೇರೆ ಅಂಗಡಿಗಳ ಬೆಲೆಗಳನ್ನು ಒಂದೆಡೆ ತೋರಿಸುವ ಫೌಂಡೆಮ್ ಎಂಬ ಜಾಲತಾಣವನ್ನು ಅವರು 2006ರ ಜೂನಿನಲ್ಲಿ ಆರಂಭಿಸಿದರು. ಕೆಲವೇ ದಿನಗಳಲ್ಲಿ ಅದು ಗೂಗಲ್‌ನ ಫಲಿತಾಂಶಗಳ ತಳಕ್ಕೆ ಜಾರಿತು. ಇತರ ಶೋಧಯಂತ್ರಗಳಲ್ಲಿ ಕಾಣುತ್ತಿದ್ದುದು ಇಲ್ಲಿ ಮಾತ್ರ ಕಾಣದಾಯಿತು. ಆ ಶಿಕ್ಷೆ ತೆರವಾಗಲು ಮೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. 2009ರಲ್ಲಿ ಅವರು ಯುರೋಪಿಯನ್ ಆಯೋಗಕ್ಕೆ ದೂರಿತ್ತರು. ಗೂಗಲ್ ತನ್ನದೇ ಬೆಲೆ ಹೋಲಿಕೆಯ ಸೇವೆಯನ್ನು ಮೇಲೆ ಮೆರೆಸಿ ಪ್ರತಿಸ್ಪರ್ಧಿಗಳನ್ನು ಕೆಳಕ್ಕೆ ತಳ್ಳಿದೆಯೆಂದು ನಿರ್ಣಯಿಸಿದ ಆಯೋಗವು 2017ರ ಜೂನಿನಲ್ಲಿ 242 ಕೋಟಿ ಯುರೋ ದಂಡವನ್ನು ವಿಧಿಸಿತು. ಪ್ರತಿಸ್ಪರ್ಧಿಗಳಲ್ಲಿ ಅತ್ಯಂತ ಮೇಲಿದ್ದವನೂ ಸರಾಸರಿಯಲ್ಲಿ ನಾಲ್ಕನೆಯ ಪುಟದಲ್ಲಿದ್ದನಂತೆ! ಸಾಮಾನ್ಯ ಫಲಿತಾಂಶಗಳನ್ನು ಒತ್ತುವವರಲ್ಲಿ ನೂರಕ್ಕೆ ಸುಮಾರು 95 ಪಾಲು ಮೊದಲ ಪುಟದಲ್ಲಿಯೇ ನಿಂತುಬಿಡುತ್ತದೆಂದೂ ಅದೇ ಆಯೋಗ ಹೇಳಿತು. ನಾಲ್ಕನೆಯ ಪುಟವೆಂದರೆ ಊರಾಚೆಯ ಮಾತಾಯಿತು.

ಈ ಬದಲಾವಣೆಗಳೆಲ್ಲ ಬಳಕೆದಾರನ ಹಿತಕ್ಕಾಗಿಯೇ ಎಂದು ಕಂಪನಿ ವಾದಿಸಿತು. ನ್ಯಾಯಾಲಯಗಳು 2021ರಲ್ಲಿಯೂ ಕೊನೆಯದಾಗಿ 2024ರ ಸೆಪ್ಟೆಂಬರಿನಲ್ಲಿಯೂ ಆ ವಾದವನ್ನು ಒಪ್ಪಲಿಲ್ಲ. ಜಯವೇನೋ ಆಯಿತು. ಆದರೆ ಫೌಂಡೆಮ್ 2016ರಲ್ಲಿಯೇ ಬಾಗಿಲು ಹಾಕಿತ್ತು. ದಂಡದ ಹಣ ಸೇರುವುದು ಯುರೋಪಿನ ಬೊಕ್ಕಸಕ್ಕೆ, ದೂರು ಕೊಟ್ಟವರ ಕೈಗಲ್ಲ.

ನಮ್ಮಲ್ಲಿಯೂ ಚೆನ್ನೈಯ ಭಾರತ್ ಮ್ಯಾಟ್ರಿಮೊನಿಯವರು ಮೊದಲಾದವರು ಇತ್ತ ದೂರಿನ ಮೇಲೆ ಸ್ಪರ್ಧಾ ಆಯೋಗವು 2018ರ ಫೆಬ್ರವರಿಯಲ್ಲಿ 135.86 ಕೋಟಿ ರೂಪಾಯಿ ದಂಡ ಹಾಕಿತು. ಎಲ್ಲ ಆರೋಪಗಳನ್ನೂ ಆಯೋಗ ಎತ್ತಿಹಿಡಿಯಲಿಲ್ಲವೆಂಬುದನ್ನು ಹೇಳುವುದು ನ್ಯಾಯ. ದೂರು ಸಲ್ಲಿಸಿದ್ದು 2012ರಲ್ಲಿ. ಆರು ವರ್ಷ ಬಾಡಿಗೆ ಕಟ್ಟುತ್ತ ತೀರ್ಪಿಗೆ ಕಾಯಬಲ್ಲ ಸಣ್ಣ ವ್ಯಾಪಾರಿ ಎಲ್ಲಿದ್ದಾನೆ?

ಬೇರೆ ಶೋಧಯಂತ್ರವನ್ನು ಜನ ಬಳಸಬಾರದೇ ಎಂದರೆ, ಅದಕ್ಕೂ ಉತ್ತರ ದೊರೆತಿದೆ. ಕಂಪನಿಯು ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆಯೆಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟಿನಲ್ಲಿ ತೀರ್ಪಿತ್ತರು. ಫೋನು ಮತ್ತು ಬ್ರೌಸರುಗಳಲ್ಲಿ ತಾನೇ ಮೊದಲಾಗಿ ತೆರೆದುಕೊಳ್ಳಬೇಕೆಂದು ಅದು 2021ರ ಒಂದೇ ವರ್ಷದಲ್ಲಿ 2,600 ಕೋಟಿ ಡಾಲರಿಗೂ ಮಿಕ್ಕಿ ತೆತ್ತಿತ್ತು.

ಈಗ ಇನ್ನೊಂದು ಸಂಕಟ ಒದಗಿದೆ. ಪ್ರಶ್ನೆ ಕೇಳಿದವನಿಗೆ ಯಂತ್ರವೇ ಹತ್ತು ಕಡೆಯ ಬರಹಗಳನ್ನು ಹಿಂಡಿ ಉತ್ತರವನ್ನು ಮೇಲಿಡುತ್ತದೆ. ಇಂತಹ ಸಾರಾಂಶ ಕಂಡಾಗ ಕೆಳಗಿನ ತಾಣಗಳಿಗೆ ಹೋದವರು ನೂರಕ್ಕೆ 8, ಕಾಣದಿದ್ದಾಗ ಹೋದವರು 15 ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2025ರಲ್ಲಿ ಲೆಕ್ಕ ಕೊಟ್ಟಿತು. ಅಡುಗೆ ಮಾಡಿದವನೊಬ್ಬ, ಬಡಿಸಿ ಹಣ ಎಣಿಸುವವನು ಇನ್ನೊಬ್ಬ.

ಈ ಯಂತ್ರದ ಕಿವಿ ಯಾರ ಮಾತಿಗೆ ತೆರೆದುಕೊಳ್ಳುತ್ತದೆಂಬುದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ಭಾರತದ ಅತಿ ಕುರೂಪದ ಭಾಷೆ ಯಾವುದೆಂಬ ಹುಚ್ಚು ಪ್ರಶ್ನೆಗೆ 2021ರ ಜೂನಿನಲ್ಲಿ ಅದು ಯಾವುದೋ ಅಜ್ಞಾತ ತಾಣದ ಸಾಲನ್ನು ಎತ್ತಿ ‘ಕನ್ನಡ’ ಎಂದು ಉತ್ತರವಿತ್ತಿತು. ನಾಡೇ ಕೆರಳಿ, ಕರ್ನಾಟಕ ಸರಕಾರ ಕಾನೂನು ಕ್ರಮದ ಮಾತೆತ್ತಿದೊಡನೆ ಕಂಪನಿ ಕ್ಷಮೆ ಯಾಚಿಸಿ ಅದನ್ನು ತೆಗೆದುಹಾಕಿತು. ಸರಕಾರವೊಂದು ಗುಡುಗಿದರೆ ಕೂಡಲೇ ಕೇಳುವ ಕಿವಿಗೆ ರಾಫ್ ದಂಪತಿಗಳ ಕೂಗು ಮೂರು ವರ್ಷ ಕೇಳಲಿಲ್ಲ.

ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡನ್ನು ಭಾರತ ಸರಕಾರವು 2024ರ ಮಾರ್ಚಿನಲ್ಲಿ ಪ್ರಕಟಿಸಿತು. ದೊಡ್ಡ ಕಂಪನಿಗಳು ತಮ್ಮ ಸರಕನ್ನೇ ಮುಂದೊತ್ತುವುದನ್ನು ಮೊದಲೇ ತಡೆಯುವ ಅದರ ಉದ್ದೇಶ ಸರಿಯಾದುದೆ. ಅಷ್ಟರಿಂದ ಸಾಲದು. ನಗರಪಾಲಿಕೆಯವರು ಹೊಟೇಲಿನ ಲೈಸೆನ್ಸಿಗೆ ಕೈಹಚ್ಚುವ ಮುನ್ನ ಕಾರಣ ಬರೆದ ನೋಟೀಸು ಕೊಡಬೇಕು, ಉತ್ತರಿಸಲು ಅವಧಿ ಕೊಡಬೇಕು. ಜಾಲತಾಣವನ್ನು ತಳಕ್ಕೆ ತಳ್ಳುವ ಕಂಪನಿಗೂ ಇದೇ ಕಟ್ಟಳೆ ಇರತಕ್ಕದ್ದು: ಕಾರಣ ತಿಳಿಸಲಿ, ಗೊತ್ತಾದ ದಿನಗಳೊಳಗೆ ಮನುಷ್ಯನೊಬ್ಬನು ಅಹವಾಲು ಕೇಳಲಿ. ಸಾರಾಂಶಕ್ಕೆ ತನ್ನ ಬರಹವನ್ನು ಕೊಡಲೊಲ್ಲದವನನ್ನು ಹುಡುಕಾಟದಿಂದಲೇ ಹೊರಗಟ್ಟದಿರಲಿ. ಮುಂಬಯಿ, ಪುಣೆ, ಚೆನ್ನೈಗಳಲ್ಲಿರುವ ನಮ್ಮ ಕನ್ನಡ ಸಂಘಗಳೂ ವ್ಯಾಪಾರಿ ಸಂಘಗಳೂ ಈ ಮೂರು ಮಾತುಗಳನ್ನು ಬರೆದು, ತಮ್ಮ ಸದಸ್ಯರ ಸಹಿಗಳೊಡನೆ ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯಕ್ಕೆ ಕಳುಹಿಸಬೇಕು.