ಉಯ್ಘುರರ ಗೋಳು ನಮಗೇಕೆ?



"ನಾವು ದುಡಿಯಲು ಬಂದವರು, ಉಯ್ಘುರರ ಗೋಳು ಕನ್ನಡ ಸಂಘಕ್ಕೇಕೆ?" ಎಂಬ ಮಾತು ನಮ್ಮವರಲ್ಲೇ ಕೇಳಿಬರುತ್ತದೆ. ಇದನ್ನು ನಾವು ಖಂಡಿತ ಒಪ್ಪುವುದಿಲ್ಲ.

ಉಯ್ಘುರರು ಚೀನಾದ ವಾಯವ್ಯಕ್ಕಿರುವ ಷಿಂಜಿಯಾಂಗ್ ಪ್ರಾಂತದ ಮುಸಲ್ಮಾನರು. 2017ರಲ್ಲಿ ಅಲ್ಲಿ ಬುರ್ಖಾಕ್ಕೂ ಉದ್ದ ಗಡ್ಡಕ್ಕೂ ನಿಷೇಧ ಬಂತು. ಕೂಸಿಗೆ ಇಡುವ ಹೆಸರಿಗೂ ಕಡಿವಾಣ ಬಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಶಿಬಿರಗಳಿಗೆ ತಳ್ಳಲಾಯಿತೆಂಬ ಅಂದಾಜಿದೆ. ಇದು ಮಾನವತೆಯ ವಿರುದ್ಧದ ಅಪರಾಧವಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ 2022ರ ಆಗಸ್ಟ್ 31ರಂದು ವರದಿ ಮಾಡಿತು.

ರಾಹಿಲೆ ದಾವುತ್ ಎಂಬ ಪ್ರೊಫೆಸರ್ ನಮ್ಮ ಜಾನಪದ ವಿದ್ವಾಂಸರಂತೆಯೇ ಊರೂರು ತಿರುಗಿ ಹಾಡು, ಕಥೆ, ದರ್ಗಾಗಳ ಆಚರಣೆಗಳನ್ನು ಬರೆದಿಟ್ಟವರು. 2017ರ ಡಿಸೆಂಬರಿನಲ್ಲಿ ಕಾಣೆಯಾದರು. ಅವರಿಗೆ ಜೀವಾವಧಿ ಶಿಕ್ಷೆಯಾಗಿದೆ ಎಂದು ಹೊರಜಗತ್ತಿಗೆ ಖಚಿತವಾದದ್ದು 2023ರಲ್ಲಿ!

ಭಯೋತ್ಪಾದನೆಯನ್ನು ಅಡಗಿಸುತ್ತಿದ್ದೇವೆ ಎನ್ನುತ್ತದೆ ಚೀನಾ. 2014ರಲ್ಲಿ ಕುನ್ಮಿಂಗ್ ರೈಲು ನಿಲ್ದಾಣದಲ್ಲಿ 31 ಮಂದಿಯ ಕೊಲೆಯಾದದ್ದು ನಿಜ. ಕೊಂದವರಿಗೆ ಶಿಕ್ಷೆಯಾಗಲಿ. ಉಪವಾಸ ಹಿಡಿದ ಮುದುಕಿ, ಹಾಡು ಸಂಗ್ರಹಿಸಿದ ಪ್ರೊಫೆಸರ್ ಯಾರನ್ನು ಕೊಂದಿದ್ದರು?

2022ರ ಅಕ್ಟೋಬರ್ 6ರಂದು ಜಿನೀವಾದಲ್ಲಿ, ಆ ವರದಿಯ ಬಗ್ಗೆ ಚರ್ಚೆಯಾದರೂ ನಡೆಯಲಿ ಎಂಬ ಸೂಚನೆ 17–19 ಮತಗಳಿಂದ ಬಿದ್ದುಹೋಯಿತು. ತಟಸ್ಥವಾಗಿ ಉಳಿದ 11 ದೇಶಗಳಲ್ಲಿ ಭಾರತವೂ ಒಂದು. ಸರ್ಕಾರಗಳಿಗೆ ಗಡಿಯ, ವ್ಯಾಪಾರದ ಲೆಕ್ಕಾಚಾರ ಇರುತ್ತದೆ. ನಮ್ಮ ಸಂಘಕ್ಕೆ ಯಾವ ಲೆಕ್ಕಾಚಾರ?

ನಮ್ಮಲ್ಲಿ ಅನೇಕರಿಗೆ ಅನ್ನ ಕೊಡುವ ಕ್ಯಾನರಿ ವಾರ್ಫ್ ಇರುವುದು ಟವರ್ ಹ್ಯಾಮ್ಲೆಟ್ಸ್‌ನಲ್ಲಿ. ಚೀನಾ ತನ್ನ ರಾಯಭಾರ ಕಚೇರಿಗೆಂದು ಅಲ್ಲಿ ಜಾಗ ಕೊಂಡಾಗ, ಸುತ್ತಲಿನ ಬೀದಿಗಳಿಗೆ ಉಯ್ಘುರರ, ಟಿಬೆಟ್ಟಿನ ಹೆಸರಿಡುವ ಯೋಚನೆಯನ್ನು ಅಲ್ಲಿನ ಕೌನ್ಸಿಲ್ 2021ರಲ್ಲೇ ಮಾಡಿತು. ಅದೇ ವರ್ಷ ಏಪ್ರಿಲ್ 22ರಂದು ಕಾಮನ್ಸ್ ಸಭೆ ಇದನ್ನು ನರಮೇಧವೆಂದು ಕರೆಯಿತು. ನೆರೆಹೊರೆಯವರೆಲ್ಲ ಬಾಯಿಬಿಟ್ಟಿರುವಾಗ ನಾವು ಮಾತ್ರ ತಲೆ ತಗ್ಗಿಸಿ ಟ್ರೈನು ಹತ್ತುವುದೇ?

ಈ ಊರಿನಲ್ಲಿ ನಾವು ಗಣೇಶನನ್ನು ಕೂರಿಸಿದಾಗ, ಮಕ್ಕಳಿಗೆ ಅ ಆ ಇ ಈ ತಿದ್ದಿಸಿದಾಗ ಪೊಲೀಸರು ಬಂದು ನಮ್ಮ ಹೆಸರು ಬರೆದುಕೊಳ್ಳಲಿಲ್ಲ. ಆ ಸ್ವಾತಂತ್ರ್ಯವನ್ನು ಉಣ್ಣುವವರಿಗೆ, ಅದನ್ನು ಕಳೆದುಕೊಂಡವರ ಪರ ಒಂದು ಮಾತಾಡುವ ಋಣವಿದೆ.

ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಷಿಂಜಿಯಾಂಗಿನದು. ಬಲವಂತದ ದುಡಿಮೆಯದಲ್ಲ ಎಂದು ಸಾಬೀತಾಗದೆ ಅಲ್ಲಿನ ಸರಕು 2022ರ ಜೂನ್‌ನಿಂದ ಅಮೆರಿಕಕ್ಕೆ ಬರುವಂತಿಲ್ಲ. ಇಲ್ಲಿಗೂ ಅಂಥದೇ ಕಾನೂನು ಬೇಕೆಂದು ಪ್ರತಿಯೊಂದು ಕುಟುಂಬವೂ ತನ್ನ ಎಂಪಿಗೆ ಕಾಗದ ಬರೆಯಲಿ. ಅಂಗಿ ಕೊಳ್ಳುವಾಗ ಹತ್ತಿ ಎಲ್ಲಿಯದೆಂದು ಕೇಳೋಣ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿ, ಕೇಳೋಣ.