ಅಡುಗೆ ಉಪ್ಪು ಬೆರೆಸಿದರೆ ಸಮುದ್ರದ ಮೀನು ಸಾಕಬಹುದೇ?

ನಲ್ಲಿ ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಸಮುದ್ರದ ನೀರು ಸಿದ್ಧ, ಅದರಲ್ಲಿ ಕ್ಲೌನ್ ಫಿಶ್‌ನಂತಹ ಮೀನುಗಳನ್ನು ಸಾಕಬಹುದು ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ನೋಡೋಣ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹೆಚ್ಚಿನ ಪಾಲು ಅಡುಗೆ ಉಪ್ಪೇ ಆದರೂ, ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಮುಂತಾದವು. ಇವಿಲ್ಲದ ನೀರು ಉಪ್ಪಾಗಿರುತ್ತದೆ, ಸಮುದ್ರದ ನೀರಾಗುವುದಿಲ್ಲ. ಅದಕ್ಕಾಗಿಯೇ ಸಿಗುವ ಸಮುದ್ರ ಲವಣದ ಮಿಶ್ರಣವನ್ನು ಕ್ಲೋರಿನ್ ತೆಗೆದ ನೀರಿನಲ್ಲಿ ಕರಗಿಸಬೇಕು. ಹೈಡ್ರೋಮೀಟರ್‌ನಲ್ಲಿ ಅಳೆದಾಗ ಸಾಂದ್ರತೆ ಸುಮಾರು 1.025 ಇರಬೇಕು.

ಲವಣ ಸರಿಯಿದ್ದರೂ ಹೊಸ ಟ್ಯಾಂಕ್‌ನಲ್ಲಿ ಮೀನು ಸಾಯುವುದೇಕೆ?

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ಫಿಲ್ಟರ್ ಮತ್ತು ಕಲ್ಲುಗಳ ಮೇಲೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ತರಬೇಡಿ.

ನೀರು ಕಡಿಮೆಯಾದರೆ ಮತ್ತೆ ಉಪ್ಪುನೀರು ಹಾಕಬೇಕೇ?

ಬೇಡ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಹೀಗಾಗಿ ಕ್ಲೋರಿನ್ ಇಲ್ಲದ ಸಿಹಿನೀರನ್ನೇ ಸೇರಿಸಬೇಕು. ಬೇಸಿಗೆಯಲ್ಲಿ 2 ಲೀಟರ್ ಆವಿಯಾದರೆ 200 ಲೀಟರ್ ಟ್ಯಾಂಕ್‌ಗೆ ಅದು ಶೇ. 1, ಆದರೆ 20 ಲೀಟರ್ ಟ್ಯಾಂಕ್‌ಗೆ ಶೇ. 10. ಆದ್ದರಿಂದ ಚಿಕ್ಕ ಟ್ಯಾಂಕ್ ಸುಲಭ ಎಂಬುದೂ ತಪ್ಪು ಕಲ್ಪನೆಯೇ.

ಒಟ್ಟಿನಲ್ಲಿ, ಅಡುಗೆ ಉಪ್ಪಿನ ಸಲಹೆ ಅರ್ಧಸತ್ಯ. ಅದನ್ನು ನಂಬಿದರೆ ಬೆಲೆ ತೆರುವುದು ಮೀನು.