ನದಿಯ ಮೀನಿಗೆ ನಮ್ಮ ಪಂಕ್ತಿಯಲ್ಲಿ ಎಲೆಯಿಲ್ಲ

ನವೆಂಬರ್ ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಒಂದೆಡೆ ಸೇರಿ ನಾಡಗೀತೆ ಹಾಡುತ್ತೇವೆ, ಭಾಷಣ ಕೇಳುತ್ತೇವೆ, ಅನಂತರ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ. ಎಲೆಯ ಮೇಲೆ ಕೋಸಂಬರಿ, ಬಿಸಿಬೇಳೆಬಾತ್, ಹೋಳಿಗೆ ಇರುತ್ತವೆ. ಈಚೆಗೆ ಜೋಳದ ರೊಟ್ಟಿಗೂ ಎಣ್ಣೆಗಾಯಿಗೂ ಪ್ರವೇಶ ದೊರೆತಿದೆ. ಇದನ್ನು ನಾವು ‘ಕನ್ನಡದ ಊಟ’ ಎಂದು ಕರೆಯುತ್ತೇವೆ. ನಮ್ಮ ಆಕ್ಷೇಪವಿರುವುದು ಊಟಕ್ಕಲ್ಲ, ಆ ಹೆಸರಿಗೆ. ಅದು ಕನ್ನಡಿಗರಲ್ಲಿ ಕೆಲವರ ಊಟ. ಕೆಲವರ ಊಟಕ್ಕೆ ಎಲ್ಲರ ಹೆಸರಿಡುವುದು ಅನ್ಯಾಯ.

ಈ ದೋಷವನ್ನು ಮೊದಲು ನಮ್ಮ ತಲೆಯ ಮೇಲೆಯೇ ಹೊತ್ತುಕೊಳ್ಳುತ್ತೇವೆ. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಲಾವೋಸ್ ದೇಶದ ಮೀನಡುಗೆಯ ಪರಿಚಯ ಎಂದೋ ಆಗಿತ್ತು. 1973ರಿಂದ 1975ರವರೆಗೆ ಅಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಅಲನ್ ಡೇವಿಡ್ಸನ್, ಆ ನಾಡಿನ ಮೀನುಗಳನ್ನೂ ಅವುಗಳ ಅಡುಗೆಯನ್ನೂ ಕುರಿತು 1975ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಲುವಾಂಗ್ ಪ್ರಬಾಂಗಿನ ಅರಮನೆಯ ಬಾಣಸಿಗ ಫಿಯಾ ಸಿಂಗ್ ಬರೆದಿಟ್ಟಿದ್ದ ಪಾಕವಿಧಾನಗಳೂ ಅವರ ಪ್ರಯತ್ನದಿಂದಲೇ 1981ರಲ್ಲಿ ಇಂಗ್ಲಿಷಿನಲ್ಲಿ ಬಂದವು. ಪರದೇಶದ ಸರ್ಕಾರಿ ನೌಕರರೊಬ್ಬರು ಮೆಕಾಂಗ್ ನದಿಯ ಮೀನುಗಳ ಹೆಸರು ಕೇಳಿ ಬರೆದುಕೊಂಡದ್ದನ್ನು, ಸರ್ಕಾರಿ ನೌಕರಿಯಲ್ಲೇ ಇರುವ ನಾವು ಮೆಚ್ಚಿ ಓದಿದೆವು. ‘ಪಾದೇಕ್’ ಎಂಬ ಹುದುಗಿಸಿದ ಮೀನಿನ ವಿಷಯವನ್ನು ಗೆಳೆಯರಿಗೆ ವಿವರಿಸಿದೆವು. ಆದರೆ ನಾಲ್ಕೈದು ಗಂಟೆಯ ಹಾದಿಯಲ್ಲಿ ಹರಿಯುವ ಕೃಷ್ಣೆಯ ಮೀನುಗಳ ಕನ್ನಡ ಹೆಸರು ನಾಲ್ಕನ್ನು ಹೇಳಿ ಎಂದಿದ್ದರೆ ನಾವು ತಲೆ ತಗ್ಗಿಸಬೇಕಾಗಿತ್ತು.

ಆ ನಾಚಿಕೆಯಿಂದಲೇ ಕಳೆದ ಬೇಸಿಗೆಯಲ್ಲಿ ನಾವು ಮೂವರು ಗೆಳೆಯರು ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ನಿಲ್ದಾಣದಲ್ಲಿ ರೈಲಿನಿಂದಿಳಿದೆವು. ಅದು ತೆಲಂಗಾಣದ ಗಡಿ, ನದಿಯಾಚೆ ರಾಯಚೂರು. ಈಚೆಯ ಹಳ್ಳಿಗಳಲ್ಲೂ ಮನೆಮಾತು ಕನ್ನಡವೇ. ಕುರುವಪುರದ ಯಾತ್ರೆಗೆಂದು ನಾವು ಎಷ್ಟೋ ಸಲ ಹರಿಗೋಲಿನಲ್ಲಿ ಈ ನದಿಯನ್ನು ದಾಟಿದ್ದೇವೆ; ಹುಟ್ಟು ಹಾಕುವವರ ಮನೆಯ ಒಲೆಯನ್ನು ಮಾತ್ರ ಕಂಡಿರಲಿಲ್ಲ.

ಬೆಸ್ತರ ಮನೆಯೊಂದರಲ್ಲಿ ನಾವು ಹೈದರಾಬಾದಿನ ಸಾಹಿತ್ಯ ಬಳಗದವರೆಂದು ಹೇಳಿಕೊಂಡೆವು. ಮನೆಯ ಹಿರಿಯಜ್ಜಿ ಒಳಗೆ ಹೋಗಿ ಏನನ್ನೋ ಸರಿಸಿಟ್ಟು ಬಂದು, “ಕನ್ನಡ ಸಂಘದೋರು ಬರ್ತಾರಂತ ಇವತ್ತ ಬ್ಯಾಳಿ ಸಾರು ಮಾಡೀವ್ರೀ” ಎಂದರು. ಮೀನುಣ್ಣಲೆಂದೇ ಬಂದೆವೆಂದಾಗ ಅವರು ನಂಬಲಿಲ್ಲ. “ನಮ್ಮ ಮನ್ಯಾಗ ಉಣ್ತೀರೇನ್ರೀ?” ಎಂದು ಎರಡು ಸಲ ಕೇಳಿದರು. ಆಮೇಲೆ ಮುಚ್ಚಿಟ್ಟಿದ್ದ ಗಡಿಗೆ ಹೊರಗೆ ಬಂತು. ಕನ್ನಡದ ಹೆಸರು ಕೇಳಿದೊಡನೆ ಕನ್ನಡತಿಯೊಬ್ಬರು ತಮ್ಮ ಅಡುಗೆಯನ್ನು ಬಚ್ಚಿಡಬೇಕಾಯಿತಲ್ಲ, ಈ ಲೇಖನ ಹುಟ್ಟಿದ್ದು ಅಲ್ಲಿ.

ಗಡಿಗೆಯಲ್ಲಿದ್ದುದು ಕೊರವ ಮೀನು. ಅದರ ಲೋಳೆ ಹೋಗುವಂತೆ ಬೂದಿ, ಉಪ್ಪು ಹಚ್ಚಿ ಕಲ್ಲಿಗೆ ತಿಕ್ಕಿ ತೊಳೆಯುತ್ತಾರೆ. ಸುಟ್ಟ ಈರುಳ್ಳಿ, ಒಣಕೊಬ್ಬರಿ, ಬೆಳ್ಳುಳ್ಳಿ ಅರೆದು, ಕೆಂಪುಖಾರ ಬೆರೆಸಿ, ಹುಣಸೆರಸದಲ್ಲಿ ಕುದಿಸುತ್ತಾರೆ. ಹೋಳು ಬಿದ್ದ ಮೇಲೆ ಸೌಟು ಆಡಿಸುವುದಿಲ್ಲ. ಗಡಿಗೆಯ ಕಂಠ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಕರಾವಳಿಯಂತೆ ಹಸಿ ತೆಂಗಿನಕಾಯಿ ಇಲ್ಲ, ಅನ್ನಕ್ಕಿಂತ ರೊಟ್ಟಿಯೇ ಇದಕ್ಕೆ ಜೊತೆ. ರಾತ್ರಿಯ ಸಾರು ಮರುದಿನ ಇನ್ನೂ ರುಚಿ ಎಂದು ಅಜ್ಜಿ ನಮ್ಮನ್ನು ಉಳಿಸಿಕೊಂಡರು.

ಮೀನೆಂದರೆ ಮಂಗಳೂರು ಎಂದಷ್ಟೇ ಬಲ್ಲವರು ‘ಬಯಲುಸೀಮೆಗೆ ಮೀನು ಹೊಸತು’ ಎನ್ನಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಿದೆ, ಮೀನಿನ ಅಡುಗೆಯೂ ಅದರಲ್ಲಿದೆ. ಆದರೆ ಕನ್ನಡದಲ್ಲಿ ಬಂದ ಪಾಕಗ್ರಂಥ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಪೂರ್ತಿ ಸಸ್ಯಾಹಾರದ್ದು. ಜೈನ ಕವಿಯಾದ ಮಂಗರಸ ತನ್ನ ಮನೆಯ ಅಡುಗೆಯನ್ನು ಬರೆದ, ಅದರಲ್ಲಿ ತಪ್ಪಿಲ್ಲ. ಬರೆಯಬಲ್ಲವರ ಅಡುಗೆಯೇ ನಾಡಿನ ಅಡುಗೆಯೆಂದು ಇಂದಿಗೂ ನಂಬಿರುವ ನಮ್ಮಲ್ಲಿದೆ ತಪ್ಪು. ಅಂಬಿಗರ ಚೌಡಯ್ಯನ ಜಯಂತಿಗೆ ಹಾರ ಹಾಕುವ ನಾವು, ಅಂಬಿಗರ ಮನೆಯ ತಟ್ಟೆಯನ್ನು ಸಭೆಯ ಬಾಗಿಲಲ್ಲೇ ತಡೆಯುತ್ತೇವೆ.

ನಮ್ಮ ತೆಲುಗು ನೆರೆಯವರನ್ನು ನೋಡೋಣ. ಮೃಗಶಿರಾ ಕಾರ್ತೆ ಕೂಡುವ ದಿನ ರಾಮನಗರದ ಮೀನು ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇದೇ ಕೊರವವನ್ನು ಅವರು ‘ಕೊರಮೀನು’ ಎಂದು ಕರೆದು ತಮ್ಮ ರಾಜ್ಯದ ಮೀನಾಗಿ ಘೋಷಿಸಿಕೊಂಡಿದ್ದಾರೆ. ಆ ಮಾರುಕಟ್ಟೆಯಲ್ಲಿ ನಾವೂ ತೆಲುಗು ಹೆಸರಿನಿಂದಲೇ ಮೀನು ಕೇಳುತ್ತೇವೆ. ಕನ್ನಡದ ಹೆಸರನ್ನು ಕಲಿತಿದ್ದರೆ ತಾನೇ?

‘ಎಲ್ಲರೂ ಸೇರುವ ಪಂಕ್ತಿ, ಮೀನುಣ್ಣದವರಿಗೆ ಮುಜುಗರವಾಗದೇ?’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಉಣ್ಣದವರು ಉಣ್ಣಬೇಕೆಂದು ನಾವು ಹೇಳುತ್ತಿಲ್ಲ. ಅವರಿಗೆ ಬೇರೆ ಸಾಲು, ಬೇರೆ ಪಾತ್ರೆ ಇರಲಿ. ಆದರೆ ಇಷ್ಟು ವರ್ಷ ನಾವು ಒಂದೇ ಕಡೆಯವರ ಮುಜುಗರವನ್ನು ಲೆಕ್ಕಕ್ಕೆ ಹಿಡಿದೆವು. ಗಡಿಗೆ ಮುಚ್ಚಿಟ್ಟ ಅಜ್ಜಿಯ ಮುಜುಗರವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಲವೂ ಬಹಳವಿಲ್ಲ. ಆಲಮಟ್ಟಿ, ನಾರಾಯಣಪುರ, ಜುರಾಲ ಅಣೆಕಟ್ಟುಗಳ ನಡುವೆ ಕೃಷ್ಣೆ ತುಂಡುತುಂಡಾಗಿದ್ದಾಳೆ. ಉತ್ತರದ ನದಿಗಳಿಂದ ತಂದು ಬಿಟ್ಟ ಕಾಟ್ಲಾ, ರೋಹು ಬಲೆ ತುಂಬುತ್ತಿವೆ. ಕೊರವ, ಬಾಳೆಮೀನು, ಹಾವುಮೀನು, ಚೇಳುಮೀನು ಎಂದು ಅಜ್ಜಿ ಬೆರಳು ಮಡಿಚಿ ಎಣಿಸುತ್ತಿದ್ದರೆ, ಪಕ್ಕದಲ್ಲಿದ್ದ ಮೊಮ್ಮಗನಿಗೆ ಅವುಗಳಲ್ಲಿ ಅರ್ಧ ಗೊತ್ತಿರಲಿಲ್ಲ. ಮೀನು ಉಳಿದರೂ ಹೆಸರು ಉಳಿಯುವ ಭರವಸೆಯಿಲ್ಲ. ಹೆಸರು ಉಳಿಸುವುದು ಸಾಹಿತ್ಯ ಬಳಗದ ಕೆಲಸವಲ್ಲದಿದ್ದರೆ ಇನ್ನಾರದು?

ಆದ್ದರಿಂದ ನಮ್ಮ ಬೇಡಿಕೆ ಎರಡು. ಮುಂದಿನ ಸ್ಮರಣ ಸಂಚಿಕೆಯಲ್ಲಿ ಕೃಷ್ಣಾತೀರದ ಮೀನುಗಳ ಹೆಸರು, ಅಡುಗೆಗಳಿಗಾಗಿ ಕೆಲವು ಪುಟ ಮೀಸಲಿಡೋಣ. ಕೇಳಿ ಬರೆದು ತರಲು ನಾವು ಮೂವರೂ ಸಿದ್ಧ. ಮುಂದಿನ ನವೆಂಬರಿಗೆ ಆ ಅಜ್ಜಿಯನ್ನು ಅತಿಥಿಯಾಗಿ ಕರೆಯೋಣ. ಅಂದು ಅವರಿಗೆ ನಾವು ಬೇಳೆ ಸಾರನ್ನಷ್ಟೇ ಬಡಿಸುವುದಾದರೆ, ‘ಕನ್ನಡದ ಊಟ’ ಎಂಬ ಫಲಕವನ್ನು ಮೊದಲು ಇಳಿಸಿಬಿಡೋಣ.